ಮೇಜಿನ ಇಪ್ಪತ್ತು ಕಾಲುಗಳು

ನಾನು ಓದು ನಿಲ್ಲಿಸಿದ್ದು 1988ರಲ್ಲಿ, ಎಂಟನೆಯ ತರಗತಿಯ ಅರ್ಧಕ್ಕೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಗದಗಿನಲ್ಲಿ ಸೋದರಮಾವನ ಬಡಗಿ ಕೆಲಸದ ಶೆಡ್ಡು ಶಾಲೆಯ ಕಂಪೌಂಡಿಗೆ ಅಂಟಿಕೊಂಡೇ ಇತ್ತು. ಗಣಿತದ ಪಿರಿಯಡ್ಡಿನಲ್ಲಿ ಉಜ್ಜುಗೊರಡಿನ ಸದ್ದು ಕಿವಿಗೆ ಬೀಳುತ್ತಿತ್ತು. ಒಂದು ದಿನ ಪಾಟಿಚೀಲದ ಸಮೇತ ಆ ಕಡೆ ಹೋದವನು ಈ ಕಡೆಗೆ ಮತ್ತೆ ಬರಲಿಲ್ಲ. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ. ಈಗ ನಾನಿರುವ ಲಂಡನ್ನಿನ ಹ್ಯಾರೋದಲ್ಲಿ ನಾನು ಕೂರಿಸಿದ ಅಡುಗೆಮನೆ ಕಪಾಟುಗಳ ಬಾಗಿಲು ಹದಿನೈದು ವರ್ಷವಾದರೂ ಕೂದಲೆಳೆಯಷ್ಟು ಇಳಿದಿಲ್ಲ. ಯುಗಾದಿಗೆ ಕನ್ನಡದವರು ಸೇರಿದಾಗ ಡಾಕ್ಟರುಗಳು ನನ್ನನ್ನು ‘ಇವರು ನಮ್ಮ ಕಾರ್ಪೆಂಟರ್’ ಎಂದು ಪರಿಚಯಿಸುತ್ತಾರೆ. ‘ನಿಮ್ಮವನಲ್ರಿ, ನನ್ನವ ನಾನು’ ಎಂದು ನಗುತ್ತಲೇ ಹೇಳಿ ಪ್ಲೇಟು ಹಿಡಿಯುತ್ತೇನೆ.

ಈಗ ಹೇಳುವುದು ಹೋದ ವರ್ಷದ ಒಂದು ಕೆಲಸದ ಸಂಗತಿ.

ಆಗಸ್ಟ್ ತಿಂಗಳಲ್ಲಿ ರೇನರ್ಸ್ ಲೇನಿನ ದಿನಸಿ ಅಂಗಡಿಯಲ್ಲಿ ಧಾರವಾಡದ ಡಾಕ್ಟರಮ್ಮ ಸಿಕ್ಕರು. ಮಕ್ಕಳ ಡಾಕ್ಟರು, ಬಿಡುವಿನಲ್ಲಿ ನಿರಾಶ್ರಿತರ ಮಕ್ಕಳಿಗಾಗಿ ಓಡಾಡುವವರು. ಅವರ ಮನೆಯ ಮೆಟ್ಟಿಲು, ವಾರ್ಡ್‌ರೋಬು ಎರಡೂ ನನ್ನ ಕೆಲಸವೇ. ಹೀರೇಕಾಯಿ ಆರಿಸುತ್ತಾ ತಲೆ ಎತ್ತದೆ ಕೇಳಿದರು:

“ಮಿಸ್ತ್ರಿಯವರ, ಒಂದ್ ಕೆಲಸ ಅದ. ನಿಮ್ಮಂಥವರೇ ಬೇಕು.”

“ನನ್ನಂಥವ್ರು ಅಂದ್ರ ಹೆಂಥವ್ರು? ಸೋವಿ ಸಿಗೋರೇನು?”

“ಏ ಅಲ್ರಿ. ಹಿಂದಿ ಬರೋರು. ಮತ್ತ ಸಿಟ್ಟು ಬಂದ್ರೂ ಅರ್ಧಕ್ಕ ಬಿಟ್ಟು ಹೋಗದವ್ರು.”

ಅರ್ಧಕ್ಕೆ ಬಿಟ್ಟವನು ಎಂಬ ಮಾತು ನನ್ನ ಕೆಲಸಕ್ಕೆ ಇವತ್ತಿನವರೆಗೆ ಅಂಟಿಲ್ಲ. ಒಪ್ಪಿಕೊಂಡೆ.

ಕೆಲಸ ಮಾಡಬೇಕಾದ ಕೋಣೆ ಒಂದು ಸಮುದಾಯ ಭವನದ ಹಿಂಭಾಗದಲ್ಲಿತ್ತು. ಹಳೆಯ ಮಡಚು ಕುರ್ಚಿಗಳನ್ನೂ ಹರಿದ ಬ್ಯಾನರುಗಳನ್ನೂ ತುಂಬಿಟ್ಟಿದ್ದರು. ಅದನ್ನು ಖಾಲಿ ಮಾಡಿ ಮೂರು-ನಾಲ್ಕು ವರ್ಷದ ಅಫ್ಘನ್ ಮಕ್ಕಳಿಗೆ ಬೆಳಗ್ಗೆ ಮೂರು ತಾಸಿನ ಪ್ರೀಸ್ಕೂಲ್ ಮಾಡುವುದು ಯೋಜನೆ. ಈ ಮಕ್ಕಳ ಮನೆಯವರು ನಿರಾಶ್ರಿತರಾಗಿ ಬಂದು, ವರ್ಷಗಟ್ಟಲೆ ಸರ್ಕಾರ ಇಟ್ಟ ಹೋಟೆಲುಗಳ ರೂಮಿನಲ್ಲಿದ್ದು ಆಗ ತಾನೇ ನಗರಸಭೆ ಕೊಟ್ಟ ಕೌನ್ಸಿಲ್ ಫ್ಲಾಟುಗಳಿಗೆ ಬಂದವರು. ಮುಂದಿನ ಸೆಪ್ಟೆಂಬರಿಗೆ ಮಕ್ಕಳು ದೊಡ್ಡ ಶಾಲೆಗೆ ಹೋಗಬೇಕು. ಅಷ್ಟರೊಳಗೆ ತಾಯಿಯನ್ನು ಬಿಟ್ಟು ಕೂರಲು, ಇನ್ನೊಬ್ಬರ ಸರದಿ ಕಾಯಲು, ನಾಲ್ಕು ಮಾತು ಇಂಗ್ಲಿಷ್ ಆಡಲು ಬರಬೇಕು. ಅದೇ ಮೂರು ತಾಸು ತಾಯಂದಿರಿಗೆ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ. ಕೋಣೆ ಉಳಿಯಲು ಒಂದೇ ಷರತ್ತು. ಅಕ್ಟೋಬರಿನ ಅರ್ಧ ಟರ್ಮ್ ರಜೆಗೆ ಮುಂಚಿನ ವಾರ ದಿನಾ ಹತ್ತು ಮಕ್ಕಳಾದರೂ ಹಾಜರಿರಬೇಕು. ಇಲ್ಲದಿದ್ದರೆ ಅನುದಾನವೂ ಇಲ್ಲ, ಕೋಣೆಯೂ ಇಲ್ಲ. ಮಕ್ಕಳು ಮನೆಯಲ್ಲಿ, ತಾಯಂದಿರೂ ಮನೆಯಲ್ಲಿ.

ಇದನ್ನೆಲ್ಲ ನನಗೆ ಹೇಳಿದವರು ಆ ಪ್ರೀಸ್ಕೂಲಿನ ಮ್ಯಾನೇಜರ್, ಐವತ್ತು ದಾಟಿದ ಇಂಗ್ಲಿಷ್ ಹೆಂಗಸು. ಕೊರಳಲ್ಲಿ ಬೀಗದ ಕೈಗಳ ಗೊಂಚಲು, ಕೈಯಲ್ಲಿ ಸದಾ ಆರಿದ ಚಹಾ. ಒಂದು ನಕ್ಷೆ ಕೊಟ್ಟರು, ಅದರ ಜೊತೆ ನಿಯಮಗಳ ಹನ್ನೊಂದು ಪುಟದ ಕಾಗದ. “ದಯವಿಟ್ಟು ಪೂರ್ತಿ ಓದಿ,” ಎಂದರು. ಓದುತ್ತೇನೆ ಎಂದೆ.

ನಕ್ಷೆ ಓದಲು ನನಗೆ ಯಾರೂ ಬೇಡ. ಅಂಕಿಗಳಿಗೆ ಭಾಷೆಯ ಹಂಗಿಲ್ಲ. ಹನ್ನೊಂದು ಪುಟದಲ್ಲೂ ಅಂಕಿ ಇರುವ ಸಾಲುಗಳನ್ನು ಪೆನ್ಸಿಲಿನಿಂದ ಗುರುತು ಹಾಕಿಕೊಂಡೆ, ಉಳಿದದ್ದನ್ನು ವ್ಯಾನಿನ ಡ್ಯಾಶ್‌ಬೋರ್ಡಿನೊಳಗೆ ಇಟ್ಟೆ. ಇಂಗ್ಲಿಷ್ ನಾನು ಮಾತಾಡುತ್ತೇನೆ, ಜಗಳವನ್ನೂ ಆಡುತ್ತೇನೆ. ಉದ್ದುದ್ದ ವಾಕ್ಯ ಓದುವಾಗ ಮಾತ್ರ ಮೊದಲ ತುದಿ ಹಿಡಿದರೆ ಕೊನೆಯ ತುದಿ ಜಾರುತ್ತದೆ. ಇದನ್ನು ನಾನು ಯಾರ ಮುಂದೆಯೂ ಹೇಳಿರಲಿಲ್ಲ.

ಕೆಲಸ ಮೂರು ವಾರ ಹಿಡಿಯಿತು. ಬರ್ಚ್ ಪ್ಲೈವುಡ್ಡಿನ ಐದು ಮೇಜು, ನಲವತ್ತಾರು ಸೆಂಟಿಮೀಟರ್ ಎತ್ತರ. ಹದಿನಾಲ್ಕು ಕುರ್ಚಿ, ಸೀಟು ಇಪ್ಪತ್ತಾರಕ್ಕೆ. ಯಾವ ಮೂಲೆಯೂ ಮೂಲೆಯಾಗಿ ಉಳಿಯಬಾರದು. ಅಂಚು ಕೊರೆಯುವ ರೌಟರ್ ಯಂತ್ರ ಹಿಡಿದು ಪ್ರತಿ ಅಂಚನ್ನೂ ಉರುಟು ಮಾಡಿ, ಮೂರು ದರ್ಜೆಯ ಉಜ್ಜುಕಾಗದದಲ್ಲಿ ತಿಕ್ಕಿ, ಮಗು ಕಚ್ಚಿದರೂ ತೊಂದರೆಯಾಗದ ನೀರಿನ ವಾರ್ನಿಷ್ ಎರಡು ಕೈ ಬಳಿದೆ. ಬಾಗಿಲಿನ ಕೀಲಿನ ಸಂದಿಗೆ ಬೆರಳು ಸಿಗದಂತೆ ಉದ್ದಕ್ಕೂ ರಬ್ಬರ್ ಪಟ್ಟಿ ಹಾಕಿದೆ. ಮೇಜಿನ ಕಾಲುಗಳು ಬೀಚ್ ಮರದವು. ನಕ್ಷೆಯಲ್ಲಿ ನೇರ ಕಾಲು ಇತ್ತು. ನಾನು ಕೆಳಗೆ ಹೋಗುತ್ತಾ ಸಣ್ಣಗಾಗುವಂತೆ ಇಳಿಜಾರು ಕೊಟ್ಟು ತುದಿಯನ್ನು ದುಂಡಗೆ ಮಾಡಿದೆ. ಒಂದೊಂದು ಕಾಲಿಗೆ ನಲವತ್ತು ನಿಮಿಷ. ಅದನ್ನು ಯಾರೂ ಕೇಳಿರಲಿಲ್ಲ. ಕೇಳದಿದ್ದರೂ ಮಾಡುವುದೇ ಕೆಲಸ ಎಂದು ನಾನು ತಿಳಿದಿದ್ದೇನೆ.

ಮ್ಯಾನೇಜರ್ ಮೇಜಿನ ಮೇಲೆ ಅಂಗೈ ಆಡಿಸಿ, “ಬ್ಯೂಟಿಫುಲ್,” ಎಂದರು. ಎರಡು ಸಲ ಅಂದರು.

ಮೊದಲ ದಿನ ಹದಿನಾಲ್ಕರಲ್ಲಿ ಹನ್ನೊಂದು ಮಕ್ಕಳು ಬಂದರು. ಸಣ್ಣಪುಟ್ಟ ಹೊಂದಾಣಿಕೆಗೆಂದು ನಾನೂ ಹೋಗಿದ್ದೆ. ಸಿಂಕಿನ ನಲ್ಲಿ ಸ್ವಲ್ಪ ಬಿಗಿ ಇತ್ತು. ನಲ್ಲಿ ನೋಡುವ ನೆಪದಲ್ಲಿ ನೋಡಿದ್ದು ಮಕ್ಕಳನ್ನು. ಯಾರೂ ಕೂರಲಿಲ್ಲ. ಇಬ್ಬರು ಟೀಚರುಗಳು ಹಾಡಿದರು, ಕುರ್ಚಿ ತೋರಿಸಿದರು, ಕೂತು ತೋರಿಸಿದರು. ಮಕ್ಕಳು ಬಾಗಿಲ ಬಳಿ ಗುಂಪಾಗಿ, ಕೋಟು ಬಿಚ್ಚದೆ, ಹೊರಡಲು ತಯಾರಾದವರ ಹಾಗೆ ನಿಂತೇ ಇದ್ದರು. ಒಬ್ಬಳು ನಾಲ್ಕು ವರ್ಷದವಳು ಬಾಗಿಲ ಹಿಡಿಕೆಗೆ ಎರಡೂ ಕೈ ಹಾಕಿ ಜೋತಾಡುತ್ತಿದ್ದಳು. ಅಳುತ್ತಿರಲಿಲ್ಲ. ಅಳುವವರನ್ನಾದರೂ ಎತ್ತಿಕೊಳ್ಳಬಹುದು.

ಹೊರಗೆ ಕಾರಿಡಾರಿನಲ್ಲಿ ಹೆಂಗಸರು. ಬಿಟ್ಟು ಹೋಗಿ ಎಂದರೆ ತಲೆಯಾಡಿಸುತ್ತಿದ್ದರು, ಹೋಗುತ್ತಿರಲಿಲ್ಲ. ಗೋಡೆಗೆ ಒರಗಿ ಚಪ್ಪಲಿ ಬಿಚ್ಚಿ ನೆಲದಲ್ಲಿ ಸಾಲಾಗಿ ಕೂತರು. ಭವನದ ಮೇಲ್ವಿಚಾರಕ ಬಂದು, ಬೆಂಕಿ ಬಿದ್ದರೆ ಓಡುವ ದಾರಿ ಇದು, ಇಲ್ಲಿ ಕೂರುವಂತಿಲ್ಲ ಎಂದ. ಅವರು ಎದ್ದು ಆಚೆ ಮೆಟ್ಟಿಲ ಮೇಲೆ ಕೂತರು. ಎರಡನೆಯ ವಾರ ಮಕ್ಕಳು ಏಳಾದರು. ಮೂರನೆಯ ವಾರ ಐದು.

ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನನ್ನ ಲೆಕ್ಕಕ್ಕೆ ಕೆಲಸ ಮುಗಿದಿತ್ತು, ಕಿಂಗ್ಸ್‌ಬರಿಯಲ್ಲಿ ಒಂದು ಮನೆಯ ಮಹಡಿ ಕೆಲಸ ನಡೆದಿತ್ತು. ಆದರೂ ಬೆಳಗ್ಗೆ ಒಂಬತ್ತೂವರೆಗೆ ವ್ಯಾನು ತಾನಾಗಿ ಆ ಕಡೆ ತಿರುಗುತ್ತಿತ್ತು. ಕುರ್ಚಿಯ ಸ್ಕ್ರೂ ನೋಡಬೇಕು, ರಬ್ಬರ್ ಪಟ್ಟಿ ನೋಡಬೇಕು ಎಂದು ನೆಪ. ಹೋಗಿ ನೋಡಿದರೆ ಮೇಜುಗಳು ಅಂಗಡಿಯಲ್ಲಿ ಇಟ್ಟ ಹಾಗೆ ಇಟ್ಟಲ್ಲೇ. ಜೇಬಿನ ಮಡಚುಪಟ್ಟಿ ತೆಗೆದು ಅಳೆದದ್ದನ್ನೇ ಅಳೆಯುತ್ತಿದ್ದೆ. ಅಳತೆ ಸರಿಯಾಗಿಯೇ ಇರುತ್ತಿತ್ತು, ಅದೇ ಉರಿ. ಒಂದು ದಿನ ಮ್ಯಾನೇಜರ್, “ಬೇಜಾರು ಮಾಡಿಕೊಳ್ಳಬೇಡಿ, ಮುಚ್ಚಿದರೆ ಈ ಸಾಮಾನು ಇನ್ನೊಂದು ನರ್ಸರಿಗೆ ಕೊಡಬಹುದು,” ಎಂದರು. ಸಮಾಧಾನಕ್ಕೆ ಅಂದದ್ದು. ನನಗೆ ಮೈ ಎಲ್ಲ ಉರಿಯಿತು.

ಆ ದಿನ ಮೆಟ್ಟಿಲ ಮೇಲೆ ಕೂತಿದ್ದ ಒಬ್ಬ ಅಜ್ಜಿಯ ಎದುರು ನಿಂತೆ. ಹಿಡಿಕೆಗೆ ಜೋತಾಡುವ ಹುಡುಗಿಯ ಅಜ್ಜಿ. ಹುಡುಗಿಯ ತಾಯಿ ಇಂಗ್ಲಿಷ್ ಪಾಠಕ್ಕೆ ಹೋಗುತ್ತಿದ್ದಳು, ಅದಕ್ಕೇ ಕಾವಲಿಗೆ ಅಜ್ಜಿ. ಅವರು ಬಹಳ ವರ್ಷ ಪೇಶಾವರದಲ್ಲಿ ಇದ್ದವರಂತೆ, ಉರ್ದು ಚೆನ್ನಾಗಿ ಬರುತ್ತಿತ್ತು. ನನ್ನದು ಇಲ್ಲಿಗೆ ಬರುವ ಮೊದಲು ಮಸ್ಕತ್ತಿನಲ್ಲಿ ಕೆಲಸಕ್ಕಿದ್ದಾಗ ಕಲಿತ ಹಿಂದಿ. ಅವರು ಆಡಿದ್ದನ್ನು ನನ್ನ ಕಿವಿ ನಮ್ಮ ಗದಗಿನ ಮಾತಿನಲ್ಲೇ ಇಟ್ಟುಕೊಂಡಿದೆ, ಹಾಗೇ ಬರೆಯುತ್ತೇನೆ.

“ಅಮ್ಮಾ, ಒಳಗ ಏನ್ ಕಡಿಮಿ ಆಗೈತಿ, ಹೇಳ್ರಿ. ಹುಡುಗಿ ಯಾಕ ಕೂಡವಲ್ಲಳು?”

ಅವರು ನನ್ನನ್ನು ಕೆಳಗಿನಿಂದ ಮೇಲಿನ ತನಕ ನೋಡಿದರು. “ಆ ಕುರ್ಚಿ ಮಾಡಿದಾವ ನೀನ ಏನು?”

“ಹೌದ್ರಿ.”

“ಚೊಲೋ ಮಾಡೀ. ನಮ್ಮ ಕಡೆ ಹಿಂಥಾ ಕೆಲಸ ಮಾಡಿದವಗ ಎರಡನೇ ಚಹಾ ಕೊಡ್ತಾರ. ಆದ್ರ ನನ್ನ ಮೊಮ್ಮಗಳಿಗೆ ಕುರ್ಚಿ ಅಂದ್ರ ಏನು ಗೊತ್ತೇನು? ಎರಡು ವರ್ಷದಾಗ ಆಕಿ ಕುರ್ಚಿ ನೋಡಿದ್ದು ಆಫೀಸಿನ್ಯಾಗ. ಕುಂದರಸ್ತಾರ, ಹೆಸರು ಕರೀತಾರ, ಫೋಟೋ ತಗೀತಾರ, ಎಬ್ಬಸ್ತಾರ, ಆಮ್ಯಾಲ ಇನ್ನೊಂದು ಊರಿಗೆ ಕಳಸ್ತಾರ. ನೀನು ಹದಿನಾಕು ಸಣ್ಣ ಸಣ್ಣ ಆಫೀಸು ಮಾಡಿಟ್ಟೀ, ಮಿಸ್ತ್ರಿ. ಕುಂತ್ರ ಎಲ್ಲಿಗೆ ಕಳಸ್ತಾರೋ ಅಂತ ಆಕಿ ನಿಂತಾಳ.”

ನನ್ನ ಕೈ ಜೇಬಿನ ಮಡಚುಪಟ್ಟಿಗೆ ಹೋಯಿತು. ಅಜ್ಜಿಯೇ ಮುಂದುವರಿಸಿದರು: “ಮನಿಗೆ ಬಾ. ಆಕಿ ಹೆಂಗ ಕುಂದರತಾಳ ನೋಡು. ಅಳತಿ ಪಟ್ಟಿ ತಗೊಂಡ ಬಾ ಮತ್ತ, ಅದಿಲ್ದ ನಿನಗ ಕಣ್ಣು ಕಾಣೂದಿಲ್ಲ ಅನಸ್ತೈತಿ.”

ಮರುದಿನ ಮಧ್ಯಾಹ್ನ ಡಾಕ್ಟರಮ್ಮನನ್ನು ಕರೆದುಕೊಂಡು ಹೋದೆ. ಮೂರನೆಯ ಅಂತಸ್ತು, ಲಿಫ್ಟು ಕೆಟ್ಟಿತ್ತು. ಒಳಗೆ ಒಂದೂ ಕುರ್ಚಿ ಇಲ್ಲ. ಮೂರು ಗೋಡೆಗೆ ತಾಗಿಸಿ ಉದ್ದನೆಯ ಗಾದಿಗಳು, ಅವರು ಅದಕ್ಕೆ ತೋಶಕ್ ಎನ್ನುತ್ತಾರೆ. ಕೆಂಪು ಬಟ್ಟೆ, ಬೆನ್ನಿಗೆ ಗಟ್ಟಿ ದಿಂಬು, ನಡುವೆ ನೆಲದ ಮೇಲೆ ಹಾಸಿದ ಬಟ್ಟೆಯಲ್ಲಿ ಊಟ. ಶಾಲೆಯಲ್ಲಿ ಬಾಯಿ ಬಿಡದ ಆ ಹುಡುಗಿ ಇಲ್ಲಿ ಗಾದಿಯಿಂದ ಗಾದಿಗೆ ಹಾರುತ್ತಾ, ಅಜ್ಜಿಯ ಮೊಣಕಾಲಿಗೆ ಬೆನ್ನು ಕೊಟ್ಟು ಕೂತು, ಡಾಕ್ಟರಮ್ಮನ ಬಳೆ ಎಣಿಸಿದಳು. ನಾನು ಪಟ್ಟಿ ತೆಗೆದೆ. ಗಾದಿಯ ದಪ್ಪ ಹನ್ನೆರಡು ಸೆಂಟಿಮೀಟರ್. ಕೂತ ಮಗುವಿನ ಮೊಣಕೈ ನೆಲದಿಂದ ಇಪ್ಪತ್ತೆಂಟಕ್ಕೆ. ನನ್ನ ಮೇಜು ನಲವತ್ತಾರು.

“ನಮ್ಮ ಮನ್ಯಾಗೂ ಅಜ್ಜಾರ ಕಾಲಕ್ಕ ಹಿಂಗ ಇತ್ತಲ್ರಿ,” ಎಂದರು ಡಾಕ್ಟರಮ್ಮ. “ಗಾದಿ, ಲೋಡು. ನಾವ ಮರತ್ವಿ.”

ಮೆಟ್ಟಿಲಿಳಿಯುವಾಗ ನನ್ನ ತಲೆಯಲ್ಲಿ ಎಲ್ಲ ಸಿದ್ಧವಾಗಿತ್ತು. ಒಂದು ಗೋಡೆಗೆ ಗಾದಿಗಳ ಸಾಲು ಹಾಕೋಣ, ಅಜ್ಜಿಯರೂ ತಾಯಂದಿರೂ ಒಂದಷ್ಟು ದಿನ ಒಳಗೇ ಕೂರಲಿ, ಕಾರಿಡಾರಿನ ತಂಟೆಯೂ ತಪ್ಪುತ್ತದೆ. ಮ್ಯಾನೇಜರಿಗೆ ಫೋನು ಮಾಡಿದೆ. “ಒಳ್ಳೆಯ ಯೋಚನೆ. ಕಾಗದದಲ್ಲಿ ಇರುವ ನಿಯಮ ನೋಡಿಕೊಂಡು ಮಾಡಿ,” ಎಂದರು. ನೋಡುತ್ತೇನೆ ಎಂದೆ. ನೋಡಲಿಲ್ಲ. ಆ ಕ್ಷಣದಲ್ಲಿ ನನಗೆ ಕಾಗದಕ್ಕಿಂತ ನನ್ನ ಅಳತೆಯ ಮೇಲೆ ಹೆಚ್ಚು ನಂಬಿಕೆ ಇತ್ತು. ಅಜ್ಜಿಗೆ ಹೇಳಿದೆ: “ನಿಮ್ಮ ಗಾದಿ ತರ್ರಿ, ನನ್ನ ವ್ಯಾನು ಐತಿ.”

ಮೂರು ಮನೆಗಳಿಂದ ಆರು ಗಾದಿ. ಹೆಂಗಸರು ಹೊದಿಕೆ ಒಗೆದು, ಇಸ್ತ್ರಿ ಹಾಕಿ ಕೊಟ್ಟರು. ಒಂದಕ್ಕೆ ಅಂಚಿನಲ್ಲಿ ಕಸೂತಿ. ಸೋಮವಾರ ಬೆಳಗ್ಗೆ ಹಾಸಿದೆ. ಅಜ್ಜಿಯರು ಒಳಗೆ ಬಂದು ಕೂತರು. ಹಿಡಿಕೆಯ ಹುಡುಗಿ ಮೊದಲ ಸಲ ಹಿಡಿಕೆ ಬಿಟ್ಟು ನಾಲ್ಕು ಹೆಜ್ಜೆ ಬಂದಳು.

ಹತ್ತೂಕಾಲು ಗಂಟೆಗೆ ಬೆಂಕಿ ಸುರಕ್ಷತೆಯ ತಪಾಸಣೆಯವನು ಬಂದ. ಮೊದಲೇ ನಿಗದಿಯಾಗಿದ್ದ ಭೇಟಿ, ನನಗೆ ಗೊತ್ತಿರಲಿಲ್ಲ. ಬಾಗಿಲು ನೋಡಿದ, ತಲೆಯಾಡಿಸಿದ. ಅಲಾರಂ ನೋಡಿದ. ಗಾದಿಯ ಬಳಿ ಬಗ್ಗಿ ಅಂಚು ಮಗುಚಿ, “ಲೇಬಲ್ ಎಲ್ಲಿ?” ಎಂದ. ಒಳಗಿನ ತುಂಬಣಿ ಬೇಗ ಬೆಂಕಿ ಹಿಡಿಯುವುದಿಲ್ಲ ಎಂಬ ಲೇಬಲ್. ಇದು ಮನೆಯಲ್ಲಿ ಹೊಲಿದದ್ದು, ಹತ್ತಿ ತುಂಬಿದ್ದು ಎಂದೆ. ಅವನು ಒರಟು ಮನುಷ್ಯನಲ್ಲ, ಮಾತು ಮೆತ್ತಗೇ ಇತ್ತು. ಆದರೆ ಗಾದಿಗಳು ಈಗಲೇ ಆಚೆ ಹೋಗಬೇಕು ಎಂದ.

ಅಜ್ಜಿಯರು ಎದ್ದರು. ಯಾರೂ ಅವರಿಗೆ ಅನುವಾದಿಸಬೇಕಾಗಲಿಲ್ಲ. ತಮ್ಮ ತಮ್ಮ ಗಾದಿ ತಾವೇ ಸುರುಳಿ ಸುತ್ತಿದರು. ನಾನು ಕೈ ಚಾಚಿದೆ. ಹಿಡಿಕೆ ಹುಡುಗಿಯ ಅಜ್ಜಿ ಕೈಗೆ ಕೊಡಲಿಲ್ಲ. ಹೊಸ ದೇಶದಲ್ಲಿ ಮನೆಯಿಂದ ಕೊಟ್ಟ ಮೊದಲ ವಸ್ತುವನ್ನು ಎಲ್ಲರೆದುರು ವಾಪಸ್ ಹೊತ್ತುಕೊಂಡು ಹೋದರು. ಮಂಗಳವಾರ ಮೂರೇ ಮಕ್ಕಳು. ರಜೆಗೆ ಮುಂಚಿನ ವಾರ ಬರಲು ಹದಿಮೂರು ದಿನ ಉಳಿದಿತ್ತು.

“ನಾಲ್ಕನೆಯ ಪುಟದಲ್ಲಿತ್ತು,” ಎಂದರು ಮ್ಯಾನೇಜರ್. ಅಷ್ಟೇ ಅಂದದ್ದು.

ಆ ವಾರ ನಾನು ಮನೆಯಲ್ಲಿ ಯಾರೊಂದಿಗೂ ನೆಟ್ಟಗೆ ಮಾತಾಡಲಿಲ್ಲ. ನರ್ಸ್ ಕೆಲಸದ ನನ್ನ ಹೆಂಡತಿ, “ಏನಾತು? ಕೈ ಕೊಯ್ಕೊಂಡೀರೇನು?” ಎಂದು ಕೇಳಿದಳು. ಕೊಯ್ದುಕೊಂಡಿದ್ದರೆ ಪಟ್ಟಿ ಕಟ್ಟಬಹುದಿತ್ತು. ಶನಿವಾರ ಮಧ್ಯಾಹ್ನ ವ್ಯಾನಿನಿಂದ ಕಾಗದ ತಂದು ಹದಿನಾರು ವರ್ಷದ ಮಗಳ ಮುಂದೆ ಇಟ್ಟೆ.

“ಓದು. ಪೂರ್ತಿ. ಒಂದು ಸಾಲೂ ಬಿಡಬ್ಯಾಡ.”

“ಡ್ಯಾಡ್, ನೀವು ಇದನ್ನ ಓದಿಲ್ವಾ? ಸೀರಿಯಸ್ಲಿ?”

“ಓದಿಲ್ಲ.”

“ಯಾಕೆ?”

“ಓದಾಕ ಬರೂದಿಲ್ಲ. ಹಿಂಥಾದ್ದು ಬರೂದಿಲ್ಲ.”

ಇದನ್ನು ಬಾಯಿಬಿಟ್ಟು ಹೇಳಲು ನನಗೆ ಐವತ್ತು ದಾಟಬೇಕಾಯಿತು. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದಳು. ಅವಳ ಕನ್ನಡ ಅರ್ಧ, ನನ್ನ ಇಂಗ್ಲಿಷ್ ಅರ್ಧ. ನಾಲ್ಕನೆಯ ಪುಟ ಬಂದಾಗ, “ಓ ಗಾಡ್, ಇಟ್ಸ್ ಇನ್ ಬೋಲ್ಡ್,” ಎಂದು ತಲೆ ಹಿಡಿದುಕೊಂಡಳು. ಹಾಗೆಂದರೇನು ಎಂದೆ. “ದಪ್ಪ… ದಪ್ಪ ಅಕ್ಷರ. ದೇ ರಿಯಲಿ ವಾಂಟೆಡ್ ಯೂ ಟು ಸೀ ಇಟ್.” ಅಂಕಿ ಇಲ್ಲದ ಸಾಲು ಅದು, ನನ್ನ ಪೆನ್ಸಿಲು ಅದನ್ನು ಮುಟ್ಟಿರಲಿಲ್ಲ.

ಎರಡೂವರೆ ತಾಸು ಓದಿದೆವು. ಏಳನೆಯ ಪುಟದಲ್ಲಿ ಎರಡು ಸಂಗತಿ ಸಿಕ್ಕವು. ಒಂದು, ಮಕ್ಕಳು ರೂಢಿಯಾಗುವ ತನಕ ಮನೆಯವರು ಒಳಗೆ ಕೂರಬಹುದು, ಮ್ಯಾನೇಜರ್ ಬರೆದು ಒಪ್ಪಬೇಕಷ್ಟೆ. ಎರಡು, ಮೇಜು ಕುರ್ಚಿಗಳು ‘ಮಕ್ಕಳಿಗೆ ಹೊಂದುವಂತೆ’ ಇರಬೇಕು. ಎತ್ತರ ಇಷ್ಟೇ ಎಂದು ಎಲ್ಲೂ ಇಲ್ಲ. ಮಗಳಿಂದ ಆ ಸಾಲನ್ನು ಮೂರು ಸಲ ಓದಿಸಿದೆ.

“ಡ್ಯಾಡ್, ಸೇಮ್ ಸೆಂಟೆನ್ಸ್. ಅದು ಚೇಂಜ್ ಆಗಲ್ಲ.”

ಎದ್ದು ಹಿತ್ತಲಲ್ಲಿ ಸುತ್ತಿದೆ. ನಲವತ್ತಾರು ಎಂಬ ಅಂಕಿ ನಕ್ಷೆಯವರದು, ಇಳಿಜಾರು ಕಾಲು ನನ್ನದು. ಹೊಸ ಮೇಜು ಮಾಡಲು ಹೊತ್ತೂ ಇಲ್ಲ, ದುಡ್ಡೂ ಇಲ್ಲ. ಇರುವುದನ್ನೇ ಕತ್ತರಿಸಬೇಕು. ಕತ್ತರಿಸಿದರೆ ಆ ದುಂಡು ತುದಿ, ಆ ಇಳಿಜಾರು ಎಲ್ಲ ಹೋಗಿ ಮೊಂಡು ಕಾಲು ಉಳಿಯುತ್ತದೆ. ನೋಡಿದವರು ‘ಇದನ್ನು ಯಾರು ಮಾಡಿದ್ದು’ ಎಂದು ಕೇಳುವಂಥ ಮೊಂಡು. ಹಿತ್ತಲಲ್ಲಿ ಎಷ್ಟು ಸುತ್ತು ಹಾಕಿದೆನೋ, ಹೆಂಡತಿ ಕಿಟಕಿಯಿಂದ, “ಹುಲ್ಲು ಸವದೀತು, ಒಳಗ ಬರ್ರಿ,” ಎಂದಳು.

ಸೋಮವಾರ ಮೊದಲು ಹೋದದ್ದು ಅಜ್ಜಿಯ ಮನೆಗೆ. ಬಾಗಿಲಲ್ಲೇ ನಿಂತು ಹೇಳಿದೆ: “ತಪ್ಪು ನಿಮ್ಮ ಗಾದೀದಲ್ಲ, ಸರ್ಕಾರದ್ದೂ ಅಲ್ಲ. ಕಾಗದದಾಗ ಬರದಿತ್ತು, ನಾ ಓದಲಿಲ್ಲ. ಓದಾಕ ಬರಲಿಲ್ಲ.”

ಅಜ್ಜಿ ಬಾಗಿಲನ್ನು ಪೂರ್ತಿ ತೆರೆದರು. “ನನಗೂ ಬರೂದಿಲ್ಲ,” ಎಂದರು. “ಆದ್ರ ನಾ ಬರತೈತಿ ಅಂತ ತಿರಗ್ಯಾಡೂದಿಲ್ಲ. ಒಳಗ ಬಾ, ಚಹಾ ಆರತೈತಿ.”

ಆಮೇಲೆ ಕೆಲಸ. ಮೇಜುಗಳನ್ನು ಭವನದ ಹಿಂದಿನ ಅಂಗಳಕ್ಕೆ ತಂದು ತಲೆಕೆಳಗಾಗಿ ಇಟ್ಟೆ. ಇಪ್ಪತ್ತು ಕಾಲು ಒಂದೇ ಎತ್ತರಕ್ಕೆ ಬರಬೇಕು, ಒಂದು ಮಿಲಿಮೀಟರ್ ತಪ್ಪಿದರೂ ಮೇಜು ಕುಂಟುತ್ತದೆ. ಪಟ್ಟಿಯಿಂದ ಒಂದೊಂದನ್ನೂ ಅಳೆದರೆ ತಪ್ಪು ಬರುತ್ತದೆ. ಅದಕ್ಕೆ ಮರದ ಒಂದು ಅಚ್ಚು ಮಾಡಿದೆ. ಕಾಲಿಗೆ ತೊಡಿಸಿದರೆ ಅದರ ಬಾಯಿ ಇರುವಲ್ಲಿ ಗರಗಸ ಓಡಬೇಕು. ಯಂತ್ರ ಬಳಸಲಿಲ್ಲ, ಒಳಗೆ ಮಕ್ಕಳು. ಸಣ್ಣ ಹಲ್ಲಿನ ಕೈಗರಗಸ. ಮೊದಲ ಕಾಲಿಗೆ ಅಚ್ಚು ತೊಡಿಸಿ ಗರಗಸ ಇಟ್ಟೆ. ಮ್ಯಾನೇಜರ್ ಬಾಗಿಲಲ್ಲಿ ಆರಿದ ಚಹಾ ಹಿಡಿದು ನಿಂತಿದ್ದರು. “ಖಚಿತವಾ? ಇದನ್ನ ಮತ್ತೆ ಜೋಡಿಸೋಕೆ ಆಗಲ್ಲ,” ಎಂದರು. ಎಳೆದೆ.

ಎಂಟನೆಯ ಕಾಲಿನ ಹೊತ್ತಿಗೆ ಕಿಟಕಿಯ ಗಾಜಿಗೆ ಮೂರು ಮೂಗು ಒತ್ತಿದ್ದವು. ತುದಿಯ ಅಂಚು ತಿಕ್ಕಿ, ತಳಕ್ಕೆ ಬಟ್ಟೆಯ ಬಿಲ್ಲೆ ಅಂಟಿಸಿ, ಕುರ್ಚಿಗಳನ್ನು ಮೂಲೆಗೆ ಪೇರಿಸಿ ಮೇಜುಗಳನ್ನು ಒಳಗಿಟ್ಟೆ. ಇಪ್ಪತ್ತೆಂಟಕ್ಕೆ ಸರಿಯಾಗಿ ಕೂತವು. ನೋಡಲು ಕುಳ್ಳ. ನನಗೆ ಇವತ್ತಿಗೂ ಚೆಂದ ಕಾಣುವುದಿಲ್ಲ. ಕತ್ತರಿಸಿದ ತುಂಡುಗಳನ್ನು ಚೀಲಕ್ಕೆ ಹಾಕುವಾಗ ಹಿಡಿಕೆಯ ಹುಡುಗಿ ಅಂಗಳದ ಬಾಗಿಲಿಗೆ ಬಂದು ಕೈ ಚಾಚಿದಳು. ಸೀಳು ಇಲ್ಲವೆಂದು ಬೆರಳಾಡಿಸಿ ನೋಡಿ ಎರಡು ಕೊಟ್ಟೆ. ಇನ್ನೂ ಬೇಕೆಂದು ಕೈ ತೆಗೆಯಲಿಲ್ಲ. ಇಪ್ಪತ್ತನ್ನೂ ತಿಕ್ಕಿ ಕೊಡಬೇಕಾಯಿತು.

ಗಾದಿಯ ದಾರಿ ಬೇರೆ ಹಿಡಿದೆವು. ಲೇಬಲ್ ಇರುವ ಫೋಮಿನ ಹಾಳೆ, ಅದರ ಮೇಲೆ ಬೆಂಕಿ ತಡೆಯುವ ಒಳಬಟ್ಟೆ, ಮೇಲೆ ಅಂಥದೇ ಲೇಬಲ್ಲಿನ ಕೆಂಪು ಬಟ್ಟೆ. ಹೊಲಿದ ಗಾದಿ ಕೊಂಡು ತರಬಹುದಿತ್ತು. ಬೇಡ ಎಂದವರು ಡಾಕ್ಟರಮ್ಮ. “ಅವರು ಹೊಲೀಲಿ, ಅಲ್ಲೇ ಕೂತು ಹೊಲೀಲಿ. ಸುಮ್ಮನ ಕೂತ ತಾಯೀನ್ನ ಕೂಸು ಬಿಡಂಗಿಲ್ರಿ. ಕೆಲಸದಾಗ ಇರೋ ತಾಯೀನ್ನ ಬಿಡತದ.”

ಪ್ರೀಸ್ಕೂಲಿನಲ್ಲಿ ಸೂಜಿ ಎಂದಾಗ ಮ್ಯಾನೇಜರ್ ಬೆವರಿದರು. ಕೊನೆಗೆ ಒಂದು ನಿಯಮ ಮಾಡಿದರು. ಬೆಳಗ್ಗೆ ಏಳು ಸೂಜಿ ಎಣಿಸಿ ಕೊಡುವುದು, ಹನ್ನೆರಡೂವರೆಗೆ ಏಳು ಎಣಿಸಿ ತೆಗೆದುಕೊಳ್ಳುವುದು, ಹೊಲಿಗೆಯವರು ಗಾದಿ ಕಟ್ಟೆಯ ಮೇಲೆ ಮಾತ್ರ. ಆ ಕಟ್ಟೆಯನ್ನು ನಾನು ಒಂದೇ ದಿನದಲ್ಲಿ ಮಾಡಿದೆ. ಉದ್ದಕ್ಕೆ ನಾಲ್ಕೂವರೆ ಮೀಟರ್, ಮುಂದೆ ಮೊಣಕಾಲೆತ್ತರದ ಕಟಕಟೆ. ಮಕ್ಕಳಿಗೆ ಅಮ್ಮಂದಿರು ಕಾಣುತ್ತಾರೆ, ಸೂಜಿ ಸಿಗುವುದಿಲ್ಲ.

ಹೊಲಿಗೆಯ ಮೊದಲ ದಿನ ಆರು ಮಕ್ಕಳು. ಎರಡನೆಯ ದಿನ ಎಂಟು. ಆ ದಿನ ಹನ್ನೆರಡೂವರೆಗೆ ಸೂಜಿ ಆರೇ ಇದ್ದವು.

ಮಕ್ಕಳನ್ನು ಅಂಗಳಕ್ಕೆ ಕಳಿಸಿ ಹೊಲಿಗೆ ಕೊಡವಿದರು, ಗಾದಿ ತಡವಿದರು. ನಾನು ಕಟ್ಟೆಯ ಸಂದಿಗಳಿಗೆ ಆಯಸ್ಕಾಂತ ಆಡಿಸುತ್ತಾ ಮೊಣಕಾಲ ಮೇಲೆ ಹರಿದಾಡಿದೆ. ಈ ಒಂದು ಸೂಜಿ ಮಗುವಿನ ಕಾಲಿಗೆ ಸಿಕ್ಕರೆ ಎಲ್ಲ ಮುಗಿಯಿತು. ಇಪ್ಪತ್ತು ನಿಮಿಷದ ಮೇಲೆ ಒಬ್ಬ ತಾಯಿ ಹಿಡಿಕೆ ಹುಡುಗಿಯ ಅಜ್ಜಿಯನ್ನು ನೋಡಿ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ಸೂಜಿ ಅಜ್ಜಿಯ ದುಪಟ್ಟಾದ ಅಂಚಿನಲ್ಲೇ ಇತ್ತು, ದಾರದ ಸಮೇತ. ಎಲ್ಲರಿಗಿಂತ ಜೋರಾಗಿ ಹುಡುಕಿದವರೂ ಅವರೇ.

“ನಲವತ್ತು ವರ್ಷದಿಂದ ಅಲ್ಲೇ ಚುಚ್ಚೂದು,” ಎಂದರು. “ಕೈಗೆ ರೂಢಿ. ಮಿಸ್ತ್ರಿ, ನಿನ್ನ ಕಿವಿಗೆ ಪೆನ್ಸಿಲ್ ಐತಲ್ಲ, ಹಂಗ.”

ಮ್ಯಾನೇಜರ್ ಏಳನೆಯದನ್ನು ಡಬ್ಬಿಗೆ ಹಾಕಿ, ಮುಚ್ಚಿ, ನೆಲದ ಮೇಲೆ ಅಜ್ಜಿಯ ಪಕ್ಕದಲ್ಲೇ ಕೂತುಬಿಟ್ಟರು. ಮೊದಲ ಸಲ ಬಿಸಿ ಚಹಾ ಕುಡಿದರು, ಅಜ್ಜಿಯ ಫ್ಲಾಸ್ಕಿನದು.

ಲೆಕ್ಕದ ವಾರ ಬಂತು. ಸೋಮವಾರ ಹನ್ನೆರಡು. ಮಂಗಳವಾರ ಹನ್ನೆರಡು. ಬುಧವಾರ ಹನ್ನೊಂದು. ಒಬ್ಬ ಹುಡುಗನ ಮನೆಯವರಿಗೆ ದೂರದ ಊರಿನಲ್ಲಿ ಮನೆ ಸಿಕ್ಕಿ ಬೆಳಗ್ಗೆಯೇ ಹೊರಟರು. ಅವನು ನನ್ನ ಮಡಚುಪಟ್ಟಿ ಬಿಚ್ಚಿ ಮಡಚುವುದನ್ನು ಕಲಿತಿದ್ದ. ಗುರುವಾರ ಒಂದು ಮಗುವಿಗೆ ಜ್ವರ, ಒಂಬತ್ತು ಐವತ್ತಕ್ಕೆ ಒಂಬತ್ತೇ ಮಕ್ಕಳು. ಹತ್ತಕ್ಕೆ ಹಾಜರಿ ಮುಚ್ಚುತ್ತಾರೆ. ಆ ಹತ್ತು ನಿಮಿಷ ನಾನು ಬಾಗಿಲಿಗೂ ಗೇಟಿಗೂ ಓಡಾಡಿದೆ. ಒಂಬತ್ತು ಐವತ್ತೆಂಟಕ್ಕೆ ಒಬ್ಬ ತಾಯಿ ತಳ್ಳುಗಾಡಿ ಓಡಿಸುತ್ತಾ ಬಂದಳು, ಬಸ್ಸು ತಪ್ಪಿತ್ತಂತೆ. ಹತ್ತು. ಅವಳಿಗೆ ಬಾಗಿಲು ಹಿಡಿದು ನಿಂತೆ. ಮಹಾರಾಣಿಗೂ ಹಾಗೆ ಹಿಡಿಯುತ್ತಿರಲಿಲ್ಲ.

ಶುಕ್ರವಾರ ಹನ್ನೊಂದು ಮಕ್ಕಳು. ಹೊಲಿಗೆ ಮುಗಿದಿತ್ತು, ಕಟ್ಟೆಯ ಮೇಲೆ ಇಬ್ಬರೇ ಉಳಿದಿದ್ದರು, ಬಾಕಿ ತಾಯಂದಿರು ಪಾಠಕ್ಕೆ ಹೋಗಿದ್ದರು. ಕುಳ್ಳ ಮೇಜಿನ ಸುತ್ತ ಹಾಸಿದ ಹೊಸ ಗಾದಿಗಳ ಮೇಲೆ ಮಕ್ಕಳು ಕಾಲು ಮಡಚಿ ಕೂತು ಹಿಟ್ಟು ನಾದುತ್ತಿದ್ದರು. ಅಜ್ಜಿ ಎದ್ದರು, ದುಪಟ್ಟಾ ಸರಿ ಮಾಡಿಕೊಂಡರು, ಮೊಮ್ಮಗಳಿಗೆ ಅವರ ಭಾಷೆಯಲ್ಲಿ ಏನೋ ಹೇಳಿ ಬಾಗಿಲು ತೆರೆದರು. ನಾನು ಹಿಡಿಕೆಯನ್ನೇ ನೋಡುತ್ತಿದ್ದೆ. ಹುಡುಗಿ ತಲೆ ಎತ್ತಿದಳು. ಅಜ್ಜಿಯನ್ನು ನೋಡಿದಳು, ಪಕ್ಕದವಳ ಹಿಟ್ಟು ತನ್ನದಕ್ಕಿಂತ ದೊಡ್ಡದಿದೆಯೇ ಎಂದು ನೋಡಿದಳು, ಮತ್ತೆ ನಾದಿದಳು. ಬಾಗಿಲು ಮುಚ್ಚಿತು.

ಹೊರಗೆ ಅಜ್ಜಿ ಮೆಟ್ಟಿಲ ಮೇಲೆ ಕೂರದೆ ನಿಂತೇ ಇದ್ದರು. “ಅತ್ತಳೇನು?”

“ಇಲ್ರಿ.”

“ನೋಡಿದ್ಲೇನು?”

“ನೋಡಿದ್ಲು.”

“ಹಂಗಾರ ನಾ ಇನ್ನ ಎಲ್ಲಿಗೆ ಹೋಗ್ಲಿ?” ಎಂದು ನನ್ನನ್ನೇ ಕೇಳಿದರು. ಖಾಲಿಯಾಗಿ ಎರಡು ತಾಸು ಅವರ ಕೈಗೆ ಬಂದಿತ್ತು, ಏನು ಮಾಡಬೇಕೋ ಅವರಿಗೆ ತಿಳಿಯಲಿಲ್ಲ. ಆಮೇಲೆ ರಸ್ತೆಯ ಕಡೆ ನಡೆದರು, ಬೇಗ ಬೇಗ, ಹಿಂದೆ ನೋಡದೆ.

ಕೋಣೆ ಉಳಿಯಿತು. ಈಗ ಅಲ್ಲಿ ಮಕ್ಕಳು ಹದಿಮೂರು. ಕುಳ್ಳ ಮೇಜು ಐದು, ಕೆಂಪು ಗಾದಿ ಆರು, ಪ್ರತಿಯೊಂದಕ್ಕೂ ಲೇಬಲ್. ಅಜ್ಜಿಯ ಸೊಸೆ ಇಂಗ್ಲಿಷ್ ಪಾಠದ ಎರಡನೆಯ ಹಂತದಲ್ಲಿದ್ದಾಳೆ. ನನ್ನ ಬಳಿ ಒಂದು ವ್ಯಾನು, ಎರಡು ರೌಟರ್, ನಾಲ್ಕು ಗರಗಸ, ಇಂಥದೇ ಕೋಣೆಗಳ ಕೆಲಸ ಇನ್ನೆರಡು, ಆ ಹದಿಮೂರು ಮಕ್ಕಳ ಹೆಸರು ಬಾಯಿಪಾಠ. ಅದರಲ್ಲಿ ಹನ್ನೊಂದನ್ನು ಸರಿಯಾಗಿ ಹೇಳುತ್ತೇನಂತೆ.